ಎರಡನೇ ವರ್ಷದ ಬೆಲೆ ಕೇಳುವ ಚುಕ್ಕಿ ಅಕ್ಕ

ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗಿನ ಕಿರುಜಾಗದಲ್ಲಿ ಕೂತ ಹೆಂಗಸೊಬ್ಬರು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕಂಪ್ಯೂಟರಿನ ಕೀಲಿಮಣೆಯನ್ನು ಸಾಲುಸಾಲಾಗಿ ಗುಡಿಸುತ್ತಿದ್ದಾರೆ. ತಲೆಯ ಮೇಲೆ ಚಾಚಿದ ಮೆಟ್ಟಿಲಿನ ಅಂಚಿಗೆ ಮಡಿಸಿದ ಟವೆಲ್ಲೊಂದನ್ನು ಬಿಗಿದು ಕಟ್ಟಿದ್ದಾರೆ. ಅವರು ಕುಳ್ಳಗಿದ್ದಾರೆ, ಅವರಿಗದು ತಾಗುವುದಿಲ್ಲ. ಆ ಟವೆಲ್ ಇರುವುದು ಎದ್ದು ನಿಲ್ಲುವ ಗಿರಾಕಿಗಳ ತಲೆಗಾಗಿ.

ಬೀದಿಗೆಲ್ಲ ಅವರು ಚುಕ್ಕಿ ಅಕ್ಕ. ವಯಸ್ಸು ಐವತ್ತಾರು. ಅಂತರ್ಜಾಲದಲ್ಲಿ ಅಂಗಡಿಗೊಂದು ಪುಟ ಬೇಕೆಂದರೆ ಮೊದಲು ಅದಕ್ಕೊಂದು ಹೆಸರು ನೋಂದಾಯಿಸಬೇಕು. ಹೆಸರು ಕೊಡುವ ಕಂಪನಿಗಳು ನೂರಾರು, ಬೆಲೆಗಳೂ ನೂರಾರು. ಕೈಯಲ್ಲಿ ಸ್ವಲ್ಪವೇ ದುಡ್ಡಿರುವವರು ಯಾವ ಕಂಪನಿಗೆ ಹೋಗಬೇಕು ಎಂದು ನೋಡಿ ಹೇಳುವುದು ಅಕ್ಕನ ಕೆಲಸ. ಗಿರಾಕಿಗಳೆಲ್ಲ ಎಂಟಕ್ಕೆ ತಮ್ಮ ತಮ್ಮ ಬಾಗಿಲು ತೆರೆಯಬೇಕಾದವರು. ಹಾಗಾಗಿ ಅಕ್ಕನ ಬಾಗಿಲು ಐದೂವರೆಗೇ ತೆರೆಯುತ್ತದೆ.

"ಹೆಸರು ತಲೆ, ಚುಕ್ಕಿ ಕುತ್ತಿಗೆ, ಆಮೇಲೆ ಬರೋ ಕಾಮ್, ಇನ್ ಎಲ್ಲ ಬಾಲ," ಎಂದು ಅವರು ಹೊಸಬರಿಗೆಲ್ಲ ಬಿಡಿಸಿ ಹೇಳುತ್ತಾರೆ. ಚುಕ್ಕಿ ಅಕ್ಕ ಎಂಬ ಹೆಸರು ಬಂದದ್ದೂ ಇದರಿಂದಲೇ.

ಈ ದಿನ ಎದುರಿಗೆ ಕೂತಿರುವುದು ಬೆತ್ತದ ಕುರ್ಚಿ ಮಾಡುವ ಗಂಡ ಹೆಂಡತಿ.

"ಮತ್ತೆ ಹೊಟ್ಟೆ ಎಲ್ಲಕ್ಕಾ?" ಎಂದು ಗಂಡ ಕೇಳುತ್ತಾರೆ.

"ಹೊಟ್ಟೆ ನಿಮ್ಮದಪ್ಪ. ಅದನ್ನ ತುಂಬಿಸೋಕೇ ತಾನೆ ಇಷ್ಟೆಲ್ಲ?"

ನಗು ಮುಗಿದ ಮೇಲೆ ಸಂಗತಿ ಹೊರಬರುತ್ತದೆ. ಅವರ ಅಂಗಡಿಯ ಬೀದಿಯಲ್ಲಿ ವಾಹನಗಳ ಓಡಾಟ ಒಂದೇ ದಿಕ್ಕಿಗೆ ಆದಮೇಲೆ ಹಳೆಯ ಗಿರಾಕಿಗಳು ಆ ಕಡೆ ಸುಳಿಯುವುದೇ ಕಡಿಮೆಯಾಗಿದೆ. ಇನ್ನು ಕುರ್ಚಿಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ತಾವೇ ಬೀದಿ ಸುತ್ತಬೇಕು, ನೋಡಿದವರು ಅಂತರ್ಜಾಲದಲ್ಲಿ ಹುಡುಕಿ ಬರಬೇಕು ಎಂಬುದು ಅವರ ಲೆಕ್ಕಾಚಾರ. ಗಾಡಿ ಹೊರಗೇ ನಿಂತಿದೆ. ಅದರ ಮೇಲೆ ಹೆಸರು ಬರೆಯಲು ಪಕ್ಕದಲ್ಲಿ ಬೋರ್ಡ್ ಬರೆಯುವ ಪೇಂಟರ್ ಬಣ್ಣ ಕಲಸುತ್ತಿದ್ದಾರೆ. ಎಂಟಕ್ಕೆ ಅವರಿಗೆ ಬೇರೆ ಕೆಲಸವಿದೆ. ದಂಪತಿಯ ಹತ್ತಿರ ಇರುವುದು ಒಂದು ಹೆಸರಿಗಾಗುವಷ್ಟು ದುಡ್ಡು ಮಾತ್ರ. ಒಮ್ಮೆ ನೋಂದಾಯಿಸಿದ ಹೆಸರಿನಲ್ಲಿ ಒಂದಕ್ಷರವನ್ನೂ ತಿದ್ದಲಾಗುವುದಿಲ್ಲ. ತಪ್ಪಿದರೆ ಹೆಸರೂ ಹೋಯಿತು, ಗಾಡಿಯ ಬಣ್ಣವೂ ಹೋಯಿತು.

"ಬೆತ್ತದ ಮನೆ," ಎನ್ನುತ್ತಾರೆ ಗಂಡ. ತಿಂಗಳಿಂದ ಯೋಚಿಸಿಟ್ಟ ಹೆಸರು.

ಅಕ್ಕ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆಯುತ್ತಾರೆ. ಹೆಸರುಗಳು ನಮ್ಮ ಲಿಪಿಯಲ್ಲೂ ಸಿಗುತ್ತವೆ, ಆದರೆ ಅವರ ಗಿರಾಕಿಗಳ ಬೆರಳು ಓಡುವುದು ಇಂಗ್ಲಿಷ್ ಅಕ್ಷರಗಳ ಮೇಲೇ. ಆಮೇಲೆ ಆ ಚೀಟಿಯನ್ನು ಹೊರಗಿದ್ದ ಪೇಂಟರಿಗೆ ತೋರಿಸುತ್ತಾರೆ. "ಓದಿ ಅಣ್ಣಾ, ಜೋರಾಗಿ."

"ಬೆಟ್ಟದ ಮನೆ."

ಗಂಡನ ಮುಖ ಬಾಡುತ್ತದೆ.

"ನೋಡಿದ್ರಾ? ನಾಳೆಯಿಂದ ನಿಮಗೆ ಫೋನ್ ಮಾಡಿ, ರೂಮ್ ಖಾಲಿ ಇದೆಯಾ, ಕಿಟಕಿಯಿಂದ ಮಂಜು ಕಾಣುತ್ತಾ ಅಂತ ಕೇಳ್ತಾರೆ," ಎನ್ನುತ್ತಾರೆ ಅಕ್ಕ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಅಕ್ಕ ಈ ಪರೀಕ್ಷೆ ಕಲಿತದ್ದು ಕೈ ಸುಟ್ಟುಕೊಂಡೇ. ಹತ್ತೊಂಬತ್ತು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಟೈಪ್ ಮಾಡಿದವರು ಅವರು. ಟೈಪ್‌ರೈಟರ್ ಮೂಲೆಗೆ ಸೇರಿದ ವರ್ಷವೇ ಅವರ ಕೆಲಸವೂ ಹೋಯಿತು. ತಂಗಿಯೊಂದಿಗೆ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು, ಯಾರದೋ ಹಳೆಯ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ವರದಿ ಟೈಪ್ ಮಾಡಿ ಎರಡು ವರ್ಷ ತಳ್ಳಿದರು. ಆಮೇಲೆ ಝೆರಾಕ್ಸ್ ಅಂಗಡಿಯವರು ಜಾಗ ಕೊಟ್ಟರು. "ಮೆಟ್ಟಿಲ ಕೆಳಗೆ ಪೊರಕೆ ಇಡ್ತಿದ್ದೆ. ಪೊರಕೆ ತೆಗೆದು ಅಕ್ಕನ್ನ ಕೂರಿಸಿದೆ," ಎಂದು ಅವರು ಈಗಲೂ ರೇಗಿಸುತ್ತಾರೆ. "ಪೊರಕೆಗಿಂತ ಅಕ್ಕನೇ ಚೆನ್ನಾಗಿ ಗುಡಿಸ್ತಾರೆ."

ಹನ್ನೊಂದು ವರ್ಷದ ಹಿಂದೆ ಅಕ್ಕ ನೋಂದಾಯಿಸಿದ ಮೊದಲ ಹೆಸರು ಹಾಲು ಮಾರುವವರೊಬ್ಬರದು. ಹಾಲುಮನೆ ಎಂದು. ಮರುದಿನವೇ ಊರಿನವರು ಅದನ್ನು ಹಾಳುಮನೆ ಎಂದು ಓದಿದರು. "ಹಾಳುಮನೆಗೆ ದಾರಿ ಯಾವುದು ಸ್ವಾಮೀ ಅಂತ ಅವರಿಗೆ ಫೋನ್ ಮೇಲೆ ಫೋನ್," ಎಂದು ನೆನೆಯುತ್ತಾರೆ ಅಕ್ಕ. "ಬೈತಾರೆ ಅಂತ ಕಾದೆ. ಅವರು ಒಂದು ಲೋಟ ಹಾಲು ತಂದಿಟ್ಟು, ಕುಡೀರಿ ಅಕ್ಕಾ, ಇನ್ನೂ ಹಾಳಾಗಿಲ್ಲ ಅಂದ್ರು. ಆ ಲೋಟ ಎತ್ತೋಕೆ ನನಗೆ ಕೈಯೇ ಬರಲಿಲ್ಲ." ಅವರಿಗೆ ಹೊಸ ಹೆಸರನ್ನು ಅಕ್ಕ ತಮ್ಮ ಕೈಯಿಂದಲೇ ದುಡ್ಡು ಹಾಕಿ ಕೊಡಿಸಿದರು.

ಈಗ ವಾರಕ್ಕೆ ಮೂರು ಹೆಸರು. ಒಟ್ಟು ಸಾವಿರದ ಆರುನೂರು ದಾಟಿದೆ. ಉಳಿದ ಹೊತ್ತಿನಲ್ಲಿ ಅರ್ಜಿ, ಕರಾರುಪತ್ರಗಳು, ದಿನಕ್ಕೆ ನಲವತ್ತು ಪುಟ. ಬಲಗೈ ಹೆಬ್ಬೆರಳು ಮಡಿಸಲು ಬರುವುದಿಲ್ಲ. ಪದಗಳ ನಡುವೆ ಖಾಲಿ ಜಾಗ ಬಿಡುವ ಉದ್ದ ಕೀಲಿಯನ್ನು ಅವರು ಎಡಗೈಯಿಂದ ಒತ್ತುತ್ತಾರೆ.

ಗೋಡೆಯ ಮೇಲೊಂದು ಹಾಳೆ ಅಂಟಿಸಿದ್ದಾರೆ. ಅದರಲ್ಲಿರುವುದು ನಾಲ್ಕೇ ಕಂಪನಿ, ಅಕ್ಕನ ನಾಲ್ಕು ಪ್ರಶ್ನೆಗಳಲ್ಲಿ ಗೆದ್ದವು. ಎರಡನೇ ವರ್ಷದ ಬೆಲೆ ಎಷ್ಟು? ಮಾಲೀಕರ ವಿಳಾಸ, ಫೋನ್ ನಂಬರ್ ಊರಿಗೆಲ್ಲ ಕಾಣದಂತೆ ಮುಚ್ಚಿಡಲು ಬೇರೆ ದುಡ್ಡು ಕೇಳುತ್ತಾರಾ? ಬಿಟ್ಟು ಹೋಗುತ್ತೇವೆಂದರೆ ತಕರಾರಿಲ್ಲದೆ ಬಿಡುತ್ತಾರಾ? ಫೋನ್ ಎತ್ತುತ್ತಾರಾ? ಪ್ರತಿ ತಿಂಗಳ ಮೊದಲ ಸೋಮವಾರ ಅಕ್ಕ ನಾಲ್ವರಿಗೂ ಫೋನ್ ಮಾಡಿ, ಮನುಷ್ಯರ ದನಿ ಕೇಳುವವರೆಗೆ ಎಷ್ಟು ನಿಮಿಷ ಎಂದು ಬರೆದಿಡುತ್ತಾರೆ. "ಒಬ್ಬರು ಇಪ್ಪತ್ತೆರಡು ನಿಮಿಷ ಸಂಗೀತ ಕೇಳಿಸಿದ್ರು. ಸಂಗೀತವೇನೋ ಚೆನ್ನಾಗಿತ್ತು. ಪಟ್ಟಿಯಿಂದ ಆ ಕಂಪನಿ ಹೊಡೆದುಹಾಕಿದೆ."

ಬೆತ್ತದ ಯಜಮಾನರು ಜೇಬಿನಿಂದ ಒಂದು ಜಾಹೀರಾತು ತೆಗೆಯುತ್ತಾರೆ. ಅಕ್ಕ ಹೇಳುವ ಬೆಲೆಯ ಕಾಲುಭಾಗಕ್ಕೇ ಅಲ್ಲಿ ಹೆಸರು ಸಿಗುತ್ತದೆ.

"ಹೆಸರು ಕೊಂಡ್ಕೊಳ್ಳೋದಲ್ಲಪ್ಪ, ಬಾಡಿಗೆಗೆ ತಗೊಳ್ಳೋದು. ಇವರು ಮೊದಲ ವರ್ಷ ನೆಂಟರ ಥರ ನೋಡ್ಕೋತಾರೆ. ಎರಡನೇ ವರ್ಷದ ಬೆಲೆ ಕೆಳಗೆ ಇರುವೆ ಅಕ್ಷರದಲ್ಲಿದೆ, ಓದಿ."

ಯಜಮಾನರು ಕಾಗದವನ್ನು ದೀಪದ ಹತ್ತಿರ ಹಿಡಿದು ಓದುತ್ತಾರೆ. ಓದಿ ಮತ್ತೆ ಜೇಬಿಗಿಡುತ್ತಾರೆ. ಎರಡನೇ ವರ್ಷದ ಆ ಬೆಲೆ ಅಕ್ಕ ಆರಿಸಿದ ಕಂಪನಿಯ ಬೆಲೆಗಿಂತ ಎರಡು ಪಟ್ಟು ಹೆಚ್ಚು.

ಆದರೆ ಹೆಸರೇ ಇನ್ನೂ ಸಿಕ್ಕಿಲ್ಲ. ಗಂಟೆ ಏಳಾಗುತ್ತಿದೆ. ಪೇಂಟರ್ ಎರಡು ಸಲ ಇಣುಕಿ ಹೋಗಿದ್ದಾರೆ.

"ಹೆಣೆದ ಕುರ್ಚಿ ಅಂತ ಇಡೋಣ್ವಾ?" ಎನ್ನುತ್ತಾರೆ ಗಂಡ.

"ಒಂದಕ್ಷರ ಜಾರಿದ್ರೆ ಹೆಣದ ಕುರ್ಚಿ ಆಗುತ್ತೆ."

"ಅಯ್ಯೋ, ಬೇಡ ಕಣ್ರೀ!" ಎಂದು ಹೆಂಡತಿ ಗಂಡನ ತೋಳು ಹಿಡಿಯುತ್ತಾರೆ.

ಅಕ್ಕ ಕನ್ನಡಕ ತೆಗೆದು ಅವರ ಕಡೆ ತಿರುಗುತ್ತಾರೆ. "ನೀನು ಹೇಳಮ್ಮ. ಫೋನ್ ಮಾಡೋರು ಏನಂತ ಕೇಳ್ತಾರೆ?"

ಅವರು ಗಂಡನ ಮುಖ ನೋಡುತ್ತಾರೆ. "ಕುರ್ಚಿಯಮ್ಮ ಇದ್ದಾರಾ ಅಂತ..."

ತಿಂಗಳಿಂದ ಯೋಚಿಸಿಟ್ಟ ಹೆಸರು ಕಳೆದುಕೊಂಡ ಗಂಡ ತಮ್ಮ ಅಂಗೈಯ ಗಾಯದ ಗೆರೆಗಳನ್ನು ಸವರಿಕೊಳ್ಳುತ್ತಾರೆ. ಅಕ್ಕ ಅವಸರ ಮಾಡುವುದಿಲ್ಲ. ಸುಮ್ಮನೆ ಮತ್ತೊಮ್ಮೆ ಬ್ರಷ್ ಎತ್ತಿಕೊಂಡು ಆಗಲೇ ಗುಡಿಸಿದ ಸಾಲನ್ನು ಗುಡಿಸುತ್ತಾರೆ.

"ಕುರ್ಚಿಯ ಕಾಲು ಮಾಡೋದು ನಾನು," ಎನ್ನುತ್ತಾರೆ ಗಂಡ ಕೊನೆಗೆ. "ಕೂರೋ ಜಾಗ ಹೆಣೆಯೋಳು ಇವಳೇ. ಇರಲಿ ಅಕ್ಕಾ, ಅದನ್ನೇ ಹಾಕಿ."

ಪರೀಕ್ಷೆ ಮತ್ತೆ ನಡೆಯುತ್ತದೆ. ಅಕ್ಕ ಕೂಗಿ ಹೇಳಿದ್ದನ್ನು ಝೆರಾಕ್ಸ್ ಅಂಗಡಿಯವರು ಕಿವಿಯಲ್ಲಿ ಕೇಳಿ ಚೀಟಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಚೀಟಿ ಪೇಂಟರ ಕೈಗೆ ಹೋಗುತ್ತದೆ. ಅವರು ಕುಂಚದ ತುದಿಯಿಂದ ಅಕ್ಷರಗಳನ್ನು ತೋರಿಸುತ್ತಾ ಓದುತ್ತಾರೆ: "ಕುರ್ಚಿಯಮ್ಮ. ಇದರಲ್ಲೇನಿದೆ? ಮಗುವೂ ಓದುತ್ತೆ."

ಮುಂದಿನದು ಗುಡಿಸುವ ಕೆಲಸ. ಪರದೆಯ ಮೇಲೆ ಕಂಪನಿಯವರು ತಾವೇ ಟಿಕ್ ಹಾಕಿಟ್ಟ ಐದು ಚೌಕಗಳಿವೆ. ಕೇಳದಿದ್ದರೂ ಕೊಡುವ, ಕೊಟ್ಟು ದುಡ್ಡು ಹಿಡಿಯುವ ಸವಲತ್ತುಗಳು. ಅಕ್ಕ ಒಂದೊಂದೇ ತೆಗೆಯುತ್ತಾರೆ. "ನನ್ನ ಕೆಲಸ ಅಂದ್ರೆ ಇಷ್ಟೇ, ಟಿಕ್ ತೆಗೆಯೋದು." ಮಾಲೀಕರ ಜಾಗದಲ್ಲಿ ತಮ್ಮ ಹೆಸರಾಗಲಿ, ಇಮೇಲ್ ಆಗಲಿ ಹಾಕುವುದಿಲ್ಲ. ಕೀಲಿಮಣೆಯನ್ನು ಬೆತ್ತದ ಹೆಂಗಸಿನ ಕಡೆ ತಳ್ಳುತ್ತಾರೆ. "ನಿನ್ನ ಹೆಸರು ನೀನೇ ಒತ್ತಮ್ಮ. ನಾಳೆ ನಾನಿಲ್ಲದಿದ್ರೂ ಇದು ನಿನ್ನದಾಗಿರಬೇಕು." ಅವರು ಒಂದು ಬೆರಳಿನಿಂದ ಒತ್ತುತ್ತಾರೆ, ಬೆತ್ತದ ಎಳೆ ಎಳೆಯುವಷ್ಟೇ ಜಾಗ್ರತೆಯಾಗಿ.

ಏಳು ಇಪ್ಪತ್ತಕ್ಕೆ ಹೆಸರು ಅವರದಾಗುತ್ತದೆ. ಎಂಟರ ಹೊತ್ತಿಗೆ ಗಾಡಿಯ ಮೈಮೇಲೆ ಹಳದಿ ಅಕ್ಷರಗಳು ಮಿರುಗುತ್ತಿವೆ. ಚುಕ್ಕಿಯನ್ನು ಪೇಂಟರ್ ಬೇಕೆಂದೇ ಒಂದಿಷ್ಟು ದಪ್ಪಗೆ ಇಟ್ಟಿದ್ದಾರೆ. "ಅಕ್ಕನ ಚುಕ್ಕಿ," ಎನ್ನುತ್ತಾರೆ. ಯಜಮಾನರು ಬಣ್ಣ ಒಣಗಲಿ ಎಂದು ಊದುತ್ತಿದ್ದಾರೆ.

ಹೊರಡುವಾಗ ಕುರ್ಚಿಯಮ್ಮ ಹಿಂದಿರುಗಿ ಕೇಳುತ್ತಾರೆ: "ಎಲ್ಲರಿಗೂ ಮಾಡಿಕೊಡ್ತೀರಿ. ನಿಮ್ಮ ಹೆಸರಲ್ಲಿ ಒಂದೂ ಇಲ್ವಾ ಅಕ್ಕಾ?"

"ಇದೆಯಲ್ಲ, ಹಾಳುಮನೆ."

ಆ ಹಳೆಯ ತಪ್ಪು ಹೆಸರನ್ನು ಅಕ್ಕ ಹಾಲಿನವರಿಂದ ತಮ್ಮ ಹೆಸರಿಗೆ ಮಾಡಿಸಿಕೊಂಡು, ಇನ್ನೂ ಬಿಟ್ಟುಕೊಟ್ಟಿಲ್ಲ. ಬಿಟ್ಟರೆ ಬೇರೆ ಯಾರಾದರೂ ಹಿಡಿದು ಹಾಲಿನವರನ್ನು ಇನ್ನೊಮ್ಮೆ ಆಡಿಕೊಂಡಾರು ಎಂಬ ಅಳುಕು. ಇಂದಿಗೂ ಅದನ್ನು ಟೈಪ್ ಮಾಡಿದವರಿಗೆ ಅಲ್ಲಿ ಒಂದೇ ಸಾಲು ಕಾಣುತ್ತದೆ: ಹಾಲು ಇಲ್ಲಿಲ್ಲ, ಆ ಕಡೆ ಹೋಗಿ. ಅದನ್ನು ಒತ್ತಿದರೆ ಹಾಲಿನವರ ಸರಿಯಾದ ಪುಟ ತೆರೆದುಕೊಳ್ಳುತ್ತದೆ.

"ವರ್ಷಾ ವರ್ಷಾ ದುಡ್ಡು ಕಟ್ತೀರಾ, ಒಂದು ತಪ್ಪಿಗೆ?"

ಚುಕ್ಕಿ ಅಕ್ಕ ಕನ್ನಡಕ ಏರಿಸಿಕೊಂಡು ಮೊದಲ ಅರ್ಜಿಯನ್ನು ಎಳೆದುಕೊಳ್ಳುತ್ತಾರೆ. "ಭಾರ ಏನಿಲ್ಲಮ್ಮ. ಅದನ್ನೂ ಎರಡನೇ ವರ್ಷದ ಬೆಲೆ ನೋಡಿಯೇ ಇಟ್ಕೊಂಡಿದ್ದೀನಿ."