ಕ್ರಾಸಿಂಗ್ ಹೊಲದ ಹುಡುಗಿಯರು

ಕೊಟ್ಟೂರಿನ ಸುತ್ತಮುತ್ತ ಬಿತ್ತನೆ ಬೀಜಕ್ಕಾಗಿ ಹೈಬ್ರಿಡ್ ಹತ್ತಿ ಬೆಳೆಯುತ್ತಿದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಿತ್ತು, ನಾನು ಆರನೇ ಕ್ಲಾಸು. ನಮ್ಮ ಓಣಿಯ ಹುಡುಗಿಯರೆಲ್ಲ ಕುಂಟಾಬಿಲ್ಲೆ ಬಿಟ್ಟು, ಬುತ್ತಿ ಕಟ್ಟಿಕೊಂಡು ಸಾವ್ಕಾರರ ಹೊಲಕ್ಕೆ ಹೋಗುತ್ತಿದ್ದೆವು. ಆ ಕೆಲಸಕ್ಕೆ ಕ್ರಾಸಿಂಗ್ ಅಂತಿದ್ದರು. ಸಂಜೆ, ನಾಳೆ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಎಸಳು, ಕೇಸರ ಕಿತ್ತು, ನಡುವಿನ ಎಳೆಯನ್ನು ಮುರಿಯದೆ ಉಳಿಸಬೇಕು. ಬೆಳಿಗ್ಗೆ ಇನ್ನೊಂದು ತಳಿಯ ಹೂವು ತಂದು ಆ ಎಳೆಗೆ ಹಳದಿ ಪುಡಿ ಸವರಬೇಕು. ದೊಡ್ಡವರ ಬೆರಳಿಗೆ ಅದು ಒಗ್ಗುವುದಿಲ್ಲ ಅಂತ ಸಾವ್ಕಾರರು ಹೇಳುತ್ತಿದ್ದರು. ದೊಡ್ಡವರಿಗೆ ಕೂಲಿ ಜಾಸ್ತಿ ಕೊಡಬೇಕಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಹೊಲದಲ್ಲಿ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಬದುವಿನ ಮೇಲೆ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಬಿಸಿಲೇರಿದರೆ ಬಿಸ್ಕತ್ತು, ಚಹಾ. ಆದರೆ ನಮ್ಮ ರೊಟ್ಟಿ, ಶೇಂಗಾ ಚಟ್ನಿಗೂ ಗಿಡಕ್ಕೆ ಹೊಡೆದ ಔಷಧಿಯದೇ ವಾಸನೆ. ಸಾವ್ಕಾರರ ಮಗಳು ಉಮಾ ನನ್ನ ಕ್ಲಾಸಿನವಳೇ. ಒಂದು ಭಾನುವಾರ ಅವಳೂ ಬಂದು ನನ್ನ ಪಕ್ಕ ಸಾಲು ಹಿಡಿದಳು. ಸ್ವಲ್ಪ ಹೊತ್ತಿಗೇ ಅವಳ ತಾಯಿ ಓಡಿಬಂದರು.

"ಬಿಸಲಾಗ ಯಾಕ ನಿಂತಿಯೇ? ಜ್ವರ ಬಂದ್ರ ಸಾಲಿ ತಪ್ಪತೈತಿ, ನಡಿ ಮನಿಗೆ!"

ನಮಗೆಲ್ಲ ಸಾಲಿ ತಪ್ಪಿ ಎಷ್ಟೋ ದಿನವಾಗಿತ್ತು. ಆ ಮಾತನ್ನು ಅವರು ನಮ್ಮೆದುರಿಗೇ ಆಡಿದರು.

ಒಮ್ಮೆ ನಮ್ಮ ಸಾಲಿಯ ಮೇಷ್ಟ್ರು ಸೈಕಲ್ ತುಳಿದುಕೊಂಡು ಹೊಲಕ್ಕೇ ಬಂದು, ನನ್ನನ್ನು ತೋರಿಸಿ ಅಂದರು, "ಈಕಿ ಚೊಲೊ ಓದ್ತಾಳ್ರಿ ಸಾವ್ಕಾರ್ರ. ಮುಂಜಾನಿ ಹೊತ್ತರ ಸಾಲಿಗೆ ಬಿಡ್ರಿ."

"ಹೂವು ಮಧ್ಯಾಹ್ನಕ್ಕ ಬಾಡ್ತಾವ್ರಿ ಮೇಷ್ಟ್ರ. ಸಾಲಿ ಎಲ್ಲಿ ಓಡಿ ಹೋಕ್ಕೈತಿ?" ಸಾವ್ಕಾರರು ನಕ್ಕು, ಅಲ್ಲೇ ಕಳೆ ತೆಗೆಯುತ್ತಿದ್ದ ನನ್ನ ಅವ್ವನ ಕಡೆ ತಿರುಗಿದರು. "ನಿನ್ನ ಮಗಳ ಬೆರಳು ಬಂಗಾರ ಅದಾವ ನೋಡವ್ವ."

ಅವ್ವ ಹಿಗ್ಗಿದಳು. ನಾನೂ ಹಿಗ್ಗಿದೆ. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಹೋದರು.

ಮೂರನೇ ವರ್ಷದ ಹಂಗಾಮಿಗೆ ಸಾವ್ಕಾರರು ನಮ್ಮ ಮನೆಗೇ ಬಂದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಈಕಿ ಬೆರಳು ದಪ್ಪ ಆದ್ವು, ಎಳಿ ಮುರಿತಾವ. ಸಣ್ಣಾಕಿನ್ನ ಕಳಿಸವ್ವ."

ಸಣ್ಣಾಕೆ ಅಂದರೆ ನನ್ನ ತಂಗಿ ಹುಲಿಗಿ. ಆಗಿನ್ನೂ ಅಕ್ಷರ ತಿದ್ದುತ್ತಿದ್ದಳು. "ನಾನ ಬರ್ತೀನ್ರಿ, ಮೆಲ್ಲಕ ಮಾಡ್ತೀನಿ" ಅಂತ ನಾನು ಗೋಗರೆದೆ. ಅವರು ಕೇಳಿಸಿಕೊಳ್ಳಲಿಲ್ಲ. ಅವ್ವ ಹುಲಿಗಿಯ ಬುತ್ತಿಗೆ ರೊಟ್ಟಿ ಬಡಿಯಲು ಕೂತಳು. ಮರುದಿನ ಹುಲಿಗಿ ಅಳುತ್ತಲೇ ಹೋದಳು. ಉಮಾ ಆಗ ಕೊಟ್ಟೂರಿನ ಹೈಸ್ಕೂಲಿಗೆ ಹೋಗುತ್ತಿದ್ದಳು, ನಾನು ಕಳೆ ತೆಗೆಯಲು.

ಎಷ್ಟೋ ವರ್ಷದ ಮೇಲೆ ನಾನು ಮನೆಯಲ್ಲೇ ಓದಿ ಹತ್ತನೇ ಕ್ಲಾಸು ಪಾಸಾದೆ. ಹುಲಿಗಿಗೆ ಅದೂ ಆಗಲಿಲ್ಲ. ಈಗ ಆ ಹೊಲದಲ್ಲಿ ಮೆಕ್ಕೆಜೋಳ ನಿಂತಿದೆ. ಬಾಲ್ಯ ಎಷ್ಟು ಸಿಹಿ ಅಂತ ಯಾರಾದರೂ ಬರೆದದ್ದು ಓದಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಹುಲಿಗಿ ಹರಪನಹಳ್ಳಿ ಬಸ್ಸಿನ ಎದುರೇ ನಿಂತು, ಕಾಲೇಜು ಹುಡುಗಿಯೊಬ್ಬಳನ್ನು ಕೇಳಿದಳು, "ಇದು ಹರಪನಹಳ್ಳಿಗೆ ಹೋಕ್ಕೈತೇನವ್ವ?"

"ಬೋರ್ಡ್ ಐತಲ್ರಿ," ಅಂದಳು ಹುಡುಗಿ.

"ಕನ್ನಡಕ ಮರತು ಬಂದೀನವ್ವ," ಅಂದಳು ನನ್ನ ತಂಗಿ.

ಅವಳು ಇವತ್ತಿನವರೆಗೂ ಕನ್ನಡಕ ಹಾಕಿದವಳಲ್ಲ.