ಸೀಸೆಯ ಮೇಲಿನ ಒಂದು ಪದ

ಇಂಗ್ಲಿಷ್ ಕಲಿತು ಏನು ಸಾಧಿಸಿದೆ ಎಂದು ಯಾರಾದರೂ ಕೇಳಿದರೆ, ಅಕ್ಕನನ್ನು ಕಳೆದುಕೊಂಡೆ ಎನ್ನುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಮ್ಮ ಮನೆ ನ್ಯಾಮತಿಯಲ್ಲಿ; ನಾನು ದಿನಾ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಪಿಯುಸಿ ಓದುತ್ತಿದ್ದೆ. ಅಕ್ಕನಿಗೆ ಹದಿನಾರಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಇನ್ಸುಲಿನ್ ಚುಚ್ಚಿಕೊಂಡು ರೊಟ್ಟಿ. ಫ್ರಿಜ್ಜು ಆಗ ಯಾರ ಮನೆಯಲ್ಲಿತ್ತು? ಒದ್ದೆ ಮರಳಿನ ಮಡಕೆಯಲ್ಲಿ ಸೀಸೆ ಇಡುತ್ತಿದ್ದೆವು. ಹೊನ್ನಾಳಿಯಿಂದ ಅದನ್ನು ತರುವ ಕೆಲಸ ನನ್ನದು.

ಒಂದು ಸಂಜೆ ನೆಂಟರು ಬಂದಿದ್ದರು. ಮಗಳ ಇಂಗ್ಲಿಷ್ ತೋರಿಸುವ ಆಸೆ ಅಪ್ಪನಿಗೆ. "ಆ ಔಷಧಿ ಸೀಸೆ ಮ್ಯಾಲೆ ಏನು ಬರದೈತೆ, ಓದವ್ವಾ" ಎಂದರು. 'ಬೋವೈನ್' ಎಂದಿತ್ತು. ಗೊತ್ತಿಲ್ಲ ಎಂದು ಸುಮ್ಮನಾಗಬಹುದಿತ್ತು. ನನ್ನ ಜಂಬ ಬಿಡಬೇಕಲ್ಲ! ನಿಘಂಟು ತಂದು ಹುಡುಕಿ, ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಹೇಳಿದೆ: "ದನದ್ದು. ದನದಿಂದ ತೆಗೆದಿದ್ದು."

ಒಳಗೆ ರೊಟ್ಟಿ ತಟ್ಟುತ್ತಿದ್ದ ಅಕ್ಕನ ಕೈ ನಿಂತಿತು. ಮರುದಿನ ಅವಳು ಸಿರಿಂಜು ಮುಟ್ಟಲಿಲ್ಲ. "ಲಿಂಗ ಕಟ್ಟಿದ ಮೈ ಇದು. ಗೊತ್ತಾದ ಮ್ಯಾಲೆ ಹೆಂಗೆ ಚುಚ್ಚಿಕೊಳ್ಳಾಕೆ ಆಗ್ತೈತೆ?" ಎಂದಳು. ನಾನೇ ತಪ್ಪಾಗಿ ಓದಿದೆ ಎಂದು ಸುಳ್ಳು ಹೇಳಿ ಕಾಲು ಹಿಡಿದೆ, ನಂಬಲಿಲ್ಲ. ಡಾಕ್ಟರು ಮನೆಗೇ ಬಂದು, ಇದಿಲ್ಲದೆ ಬದುಕುವುದಿಲ್ಲ ಎಂದು ಬೈದು ಹೋದರು. ನೆಂಟರು ಹಾಗಲಕಾಯಿ ರಸ ಕುಡಿಸಿದರೆ ಸಾಕು ಎಂದರು. ಅವರದೇನು ಗಂಟು ಹೋಗುತ್ತಿತ್ತು? ಎರಡು ವಾರ ತುಂಬುವ ಮೊದಲೇ ಅಕ್ಕ ಹೋದಳು. ಅದೇ ನೆಂಟರು ಬಂದು, "ಎಂಥಾ ನಿಷ್ಠೆ ರೀ" ಎಂದು ಹೊಗಳಿ, ಉಂಡು ಹೋದರು. ನಿಷ್ಠೆಯಂತೆ! ನನಗೆ ಇವತ್ತಿಗೂ ಆ ಪದ ಕೇಳಿದರೆ ಮೈ ಉರಿಯುತ್ತದೆ.

ಕೆಲವು ವರ್ಷಗಳ ಮೇಲೆ ಜಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮನಾಗಿದ್ದೆ. ಪತ್ರಿಕೆಯಲ್ಲಿ ಸುದ್ದಿ ಬಂತು: ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸುತ್ತಾರಂತೆ, ಪ್ರಾಣಿಯ ಹಂಗೇ ಇಲ್ಲ. ಮುಂದೊಂದು ದಿನ ಕೆಟ್ಟ ಜೀನನ್ನೇ ಸರಿ ಮಾಡಬಹುದು ಎಂದೂ ಬರೆದಿದ್ದರು. ಮಾಡಿಕೊಳ್ಳಲಿ. ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಅದನ್ನು ಓದಿ ಹೇಳಿದೆ. ಅಪ್ಪ ಕೇಳಿದರು, "ಇದರಾಗೆ ದನದ್ದು ಏನೂ ಇಲ್ಲೇನವ್ವಾ?"

"ಇಲ್ಲಪ್ಪಾ."

"ಅವತ್ತೂ ಹಿಂಗೇ ಇಲ್ಲ ಅಂದಿದ್ದರೆ ಆಗ್ತಿತ್ತಲ್ಲವ್ವಾ" ಎಂದರು.