ದೀಪದಡಿಯ ಅಲ್ಯೂಮಿನಿಯಂ ಬಳೆ

ಪೊಂಗಲ್ ಕಳೆದರೂ ಮಂಜು ಹೋಗಿಲ್ಲ. ಈ ಬೆಳಗ್ಗೆಯಂತೂ ಅಂಬತ್ತೂರಿನ ಕಾರ್ಖಾನೆಗಳ ಚಿಮಣಿಗಳೇ ಕಾಣದಷ್ಟು ದಟ್ಟ. ತಗಡಿನ ಮಾಡಿನಿಂದ ಹನಿ ತೊಟ್ಟಿಕ್ಕುತ್ತಿದೆ. ಸೆರಗನ್ನು ಕಿವಿಗೆ ಸುತ್ತಿಕೊಂಡ ಸುಗುಣಮ್ಮ ಹರಿಹರರ ಪುಟ್ಟ ವರ್ಕ್‌ಶಾಪಿಗೆ ಬಂದು, ಚಪ್ಪಲಿ ಕಳಚಿ ಲೇತ್ ಯಂತ್ರಕ್ಕೆ ಕೈಮುಗಿದು, ಮತ್ತೆ ಮೆಟ್ಟಿಕೊಂಡು ಕಿಟಕಿಯ ಬಳಿ ಕೂರುತ್ತಾರೆ. ಯಂತ್ರದೊಳಗೆ ಕೂರಲೆಂದು ಕಡೆದಿಟ್ಟ ಅಲ್ಯೂಮಿನಿಯಂ ಬಳೆಗಳ ಅಂಚನ್ನು ಹೆಬ್ಬೆರಳಿನಿಂದ ಸವರುವುದು, ಚುಚ್ಚಿದಲ್ಲಿ ಅರದಿಂದ ಉಜ್ಜುವುದು ಇವರ ಕೆಲಸ. ಕೂಸಿನ ಬೆನ್ನು ಸವರಿದ ಹಾಗಿರುತ್ತದೆ ಆ ಕೈ.

ಕುಂದಾಪುರದ ಕಡೆಯವರು. ಈಗ ಮನೆ ಮಾಧವರಂನಲ್ಲಿ. ಗಂಡ ಮಧ್ವರಾಜ ಅಲ್ಲಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಕಾದ ಎಣ್ಣೆ ಕಾಲಿನ ಮೇಲೆ ಚೆಲ್ಲಿ ಅವರು ಮನೆ ಹಿಡಿದಾಗ ಸುಗುಣಮ್ಮ ದುಡಿಯಲು ಹೊರಬಿದ್ದರು. ಅಮ್ಮನ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುವ ಮಗಳು ಪ್ರಣಮ್ಯಾ 'ರಾಕೆಟ್ ಅಮ್ಮಾ' ಎಂದು ಗೇಲಿ ಮಾಡುತ್ತಾಳೆ.

ಗೇಲಿಯಲ್ಲೂ ನಿಜವಿದೆ. ಶ್ರೀಹರಿಕೋಟದಿಂದ ರಾಕೆಟ್ಟಿನಲ್ಲಿ ಏರಿದ ಲೋಹದ ಗೂಡೊಂದು ಮೊನ್ನೆ ಭೂಮಿಯನ್ನು ಸುತ್ತಿ, ಸುಟ್ಟುಹೋಗದೆ ಬಂಗಾಳಕೊಲ್ಲಿಗೆ ಮರಳಿ ಇಳಿಯಿತಲ್ಲ, ಅದರೊಳಗಿನ ಬಳೆಯೊಂದು ಈ ಕೈ ದಾಟಿ ಹೋದದ್ದು. ಹೋದದ್ದನ್ನು ಮರಳಿ ತಂದು ಮತ್ತೆ ಬಳಸುವುದೇ ಮುಂದಿನ ದಾರಿ ಎಂದು ಹರಿಹರರು ಬಿಡಿಸಿ ಹೇಳಿದ್ದರಂತೆ. ಸುಗುಣಮ್ಮನಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ಒಂದು ಅಡುಗೆಗೆ ಒಂದು ಕಡಾಯಿ ಬಿಸಾಡಿದ್ರೆ ಯಾವ ಹೋಟ್ಲು ನಡೀತದೆ ಮಾರಾಯ್ರೆ?"

ಇಲ್ಲಿ ಕಡೆಯುವ ಲೋಹ ವರ್ಕ್‌ಶಾಪಿನದಲ್ಲ, ರಾಕೆಟ್‌ನವರದು. ಪುಡಿ, ಚೂರು, ಕೆಟ್ಟ ಬಳೆ, ಎಲ್ಲವೂ ತೂಕವಾಗಿ ಹಿಂತಿರುಗಬೇಕು. ಆಚೆ ವರ್ಷದ ಆಯುಧಪೂಜೆಯಲ್ಲಿ ಯಂತ್ರಗಳಿಗೆಲ್ಲ ಗಂಧ ಕುಂಕುಮ ಇಟ್ಟ ಸುಗುಣಮ್ಮ, ಆಕಾಶಕ್ಕೆ ಹೊರಟ ಬಳೆಗೂ ಇಟ್ಟುಬಿಟ್ಟರು. ರಜೆ ಮುಗಿಯುವಷ್ಟರಲ್ಲಿ ಒದ್ದೆ ಕುಂಕುಮ ಲೋಹವನ್ನು ಕಚ್ಚಿ ಕಲೆ ಮಾಡಿತ್ತು. ತಪಾಸಣೆಯವರು ಒಪ್ಪಲಿಲ್ಲ. ಹರಿಹರರು ಬೈಯದೆ ಇನ್ನೊಂದು ಬಳೆ ಕಡೆದರು. ಪೂಜೆಗೊಂಡದ್ದನ್ನು ಗುಜರಿ ಡಬ್ಬಕ್ಕೆ ಹಾಕಲು ಸುಗುಣಮ್ಮನಿಗೆ ಮನಸ್ಸಾಗಲಿಲ್ಲ. ಯಾರಿಗೂ ಹೇಳದೆ ಮನೆಗೆ ಒಯ್ದು ದೇವರ ದೀಪದಡಿ ಇಟ್ಟರು.

ಇವತ್ತು ಲೆಕ್ಕ ಮುಗಿಸಿ ಉಳಿದ ಲೋಹ ಒಯ್ಯುವ ಗಾಡಿ ಬರುತ್ತದೆ. ಹೊರದೇಶದವರ ಉಪಗ್ರಹವನ್ನು ಬಾಡಿಗೆಗೆ ಏರಿಸಿಕೊಡುವ ಕಾಲವಿದು. ಆ ಕೆಲಸದ ತುಣುಕೊಂದು ಈ ಶೆಡ್ಡಿಗೂ ಸಿಗಬೇಕು. ತೂಕ ತಪ್ಪಿದರೆ ಸಿಗದು. ಹರಿಹರರು ಡಬ್ಬಗಳನ್ನೆಲ್ಲ ಬುಡಮೇಲು ಮಾಡಿ ಹುಡುಕುತ್ತಿರುವುದು ಯಾವುದನ್ನೆಂದು ಸುಗುಣಮ್ಮನಿಗೆ ತಿಳಿದದ್ದು ನಿನ್ನೆ ಸಂಜೆ. ಬಳೆಯನ್ನು ಕದಲಿಸಬೇಡ, ಅದು ಬಂದ ಮೇಲೆಯೇ ನನ್ನ ಕಾಲು ನೆಲಕ್ಕೆ ಊರಿದ್ದು ಎಂದು ರಾತ್ರಿ ಮಧ್ವರಾಜ ಬೇಡಿಕೊಂಡರು. ಸುಗುಣಮ್ಮ ಇವತ್ತು ದೀಪವನ್ನು ಬರಿಯ ಮಣೆಯ ಮೇಲೆ ಹಚ್ಚಿ ಬಂದಿದ್ದಾರೆ.

ಊಟದ ಚೀಲದಿಂದ ಬಟ್ಟೆಯ ಗಂಟು ತೆಗೆದು ಹರಿಹರರ ಮುಂದೆ ಬಿಚ್ಚುತ್ತಾರೆ. ಬಳೆಯ ತುಂಬ ಎಣ್ಣೆಯ ಜಿಡ್ಡು, ಹಳೆಯ ಕುಂಕುಮ. ಹರಿಹರರು ಕುಂಕುಮವನ್ನು ಬೆರಳಿನಿಂದ ಮುಟ್ಟಿ ನೋಡಿ, "ದೇವರ ಹತ್ರ ಇತ್ತಾ ತಾಯಿ?" ಎನ್ನುತ್ತಾರೆ.

"ಆಕಾಶಕ್ಕೆ ಹೋದದ್ದೇ ವಾಪಸ್ ಬಂತು. ಇದು ಮಾಧವರಂನಿಂದ ಬರುದಿಲ್ವಾ?"

ಜಿಡ್ಡು ಒರೆಸಲು ಹರಿಹರರು ಬಟ್ಟೆ ಎತ್ತಿಕೊಂಡರೆ, ಸುಗುಣಮ್ಮ ಅದನ್ನು ಇಸಿದುಕೊಂಡು ತಾವೇ ಒರೆಸುತ್ತಾರೆ. ಅಂಚನ್ನೊಮ್ಮೆ ಹೆಬ್ಬೆರಳಿನಿಂದ ಸವರಿ, ತಕ್ಕಡಿಯಲ್ಲಿ ಸದ್ದಾಗದಂತೆ ಇಡುತ್ತಾರೆ.